ಹಳೆಯ ಗೋದಾಮುಗಳ ಪಕ್ಕ ಏಳುವ ಹೊಸ ಕಟ್ಟಡಕ್ಕೆ ಯಾವ ಬಣ್ಣ, ಯಾವ ರೂಪ?

ನೀವು ಕೇಳಿದ್ದು ಎರಡು ಪ್ರಶ್ನೆ. ಹಳೆಯ ಬಂದರು, ಗೋದಾಮು ಇದ್ದ ಜಾಗಕ್ಕೆ ಮತ್ತೆ ಜೀವ ಕೊಡುವಾಗ ಅಲ್ಲಿ ಕಟ್ಟುವ ಹೊಸ ಕಟ್ಟಡಗಳು ಹಳೆಯವುಗಳಂತೆಯೇ ಕಾಣಬೇಕೇ, ಬೇರೆಯಾಗಿ ಕಾಣಬೇಕೇ ಎಂಬುದು ಮೊದಲನೆಯದು. ಯಾವ ಊರಿಗೆ ಹೋದರೂ ಇಂಥ ಜಾಗಗಳಲ್ಲಿ ಬೂದು ಬಣ್ಣದ ಡಬ್ಬಿಗಳೇ ಏಕೆ ಏಳುತ್ತಿವೆ ಎಂಬುದು ಎರಡನೆಯದು.

ನಾನು ಮಂಗಳೂರಿನವನು. ಈಗ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕಟ್ಟಡಗಳ ಹೊರಮೈ ವಿನ್ಯಾಸ ಮಾಡುತ್ತೇನೆ. ನಮ್ಮ ಕಡೆ ಎಲಿವೇಷನ್ ಅಂತಾರಲ್ಲ, ಅದೇ. ಇಲ್ಲಿನ ಹಾಫೆನ್‌ಸಿಟಿ ಎಂಬ ಹೊಸ ಬಡಾವಣೆ ನಿಮ್ಮ ಪ್ರಶ್ನೆಗೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ. ಚೆನ್ನಾಗಿ ಬಂದದ್ದೂ ಸೋತದ್ದೂ ಅಲ್ಲಿ ಅಕ್ಕಪಕ್ಕದಲ್ಲೇ ನೋಡಲು ಸಿಗುತ್ತದೆ. ನನ್ನ ಉತ್ತರ ಇಷ್ಟು: ಹೊಸ ಕಟ್ಟಡ ಯಾವುದರಿಂದ ಕಟ್ಟಿದ್ದು ಎನ್ನುವುದರಲ್ಲಿ ಹಳೆಯದರ ಬಳಗಕ್ಕೆ ಸೇರಲಿ, ವೇಷದಲ್ಲಿ ಬೇಡ. ಆ ತೀರ್ಮಾನ ಜಾಗ ಮಾರುವ ಮೊದಲೇ ಆಗಬೇಕು, ಬಣ್ಣ ಬಳಿಯುವ ಹೊತ್ತಿಗಲ್ಲ.

ಮೊದಲು ಹಳೆಯದು ಏನಿತ್ತು ಅಂತ ಹೇಳುತ್ತೇನೆ. ಹ್ಯಾಂಬರ್ಗ್ ಬಂದರಿನ ಅಂಚಿನಲ್ಲಿ ಶ್ಪೈಷರ್‌ಸ್ಟಾಟ್ ಎಂಬ ಗೋದಾಮುಗಳ ಸಾಲು ಇದೆ. 1883ರಲ್ಲಿ ಕೆಲಸ ಶುರುವಾಗಿ, ಹಂತ ಹಂತವಾಗಿ 1927ರವರೆಗೆ ಕಟ್ಟಿದ್ದು. ಕಾಫಿ, ಚಹಾ, ಸಾಂಬಾರ ಪದಾರ್ಥ, ರತ್ನಗಂಬಳಿ ಎಲ್ಲವೂ ಇಲ್ಲಿ ಇಳಿಯುತ್ತಿದ್ದವು. ನೀರಿನ ಕಾಲುವೆಗಳಿಂದ ನೇರ ಮೇಲೇಳುವ ಕೆಂಪು ಇಟ್ಟಿಗೆಯ ಗೋಡೆಗಳು, ಹಸಿರು ಕಟ್ಟಿದ ತಾಮ್ರದ ಮಾಡುಗಳು, ಅಲ್ಲಲ್ಲಿ ಮೆರುಗು ಕೊಟ್ಟ ಇಟ್ಟಿಗೆಯ ಪಟ್ಟಿಗಳು. ಎರಡನೇ ಮಹಾಯುದ್ಧದ ಬಾಂಬಿಗೆ ಸುಮಾರು ಅರ್ಧದಷ್ಟು ಹಾಳಾಯಿತು. ವೆರ್ನರ್ ಕಾಲ್‌ಮೋರ್ಗೆನ್ ಎಂಬ ವಾಸ್ತುಶಿಲ್ಪಿ ಅದನ್ನು ದುರಸ್ತಿ ಮಾಡಿ, ನಡುನಡುವೆ ಹೊಸದನ್ನೂ ಕಟ್ಟಿದರು. 2015ರಲ್ಲಿ ಇದು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಪಕ್ಕದ ಕಚೇರಿ ಪ್ರದೇಶ, ಅದರಲ್ಲಿರುವ ಚಿಲಿಹೌಸ್ ಎಂಬ ಕಚೇರಿ ಕಟ್ಟಡ ಕೂಡ ಅದರ ಜೊತೆಗೇ ಸೇರಿದವು.

ಈ ಚಿಲಿಹೌಸ್ ಬಗ್ಗೆ ಸ್ವಲ್ಪ ನಿಂತು ಹೇಳಲೇಬೇಕು, ಬಣ್ಣದ ಪಾಠವೆಲ್ಲ ಅದರ ಗೋಡೆಯಲ್ಲಿದೆ. 1922ರಿಂದ 1924ರ ನಡುವೆ ವಾಸ್ತುಶಿಲ್ಪಿ ಫ್ರಿಟ್ಸ್ ಹೋಗರ್ ಕಟ್ಟಿದ್ದು. ಸುಮಾರು 48 ಲಕ್ಷ ಇಟ್ಟಿಗೆ. ಹತ್ತಿರ ಹೋಗಿ ನೋಡಿದರೆ ಒಂದೇ ಬಣ್ಣದ ಎರಡು ಇಟ್ಟಿಗೆ ಪಕ್ಕಪಕ್ಕ ಸಿಗುವುದು ಕಷ್ಟ. ಒಂದು ಕಂದು, ಮುಂದಿನದು ನೇರಳೆ, ಅದರ ಕೆಳಗಿನದು ಕಪ್ಪುಗಟ್ಟಿದ ಕೆಂಪು. ಗೂಡಿನಲ್ಲಿ ಹೆಚ್ಚು ಶಾಖ ತಿಂದ ಇಟ್ಟಿಗೆ ಗಟ್ಟಿಯಾಗಿ, ಗಾಢವಾಗಿ ಬರುತ್ತದೆ. ಗಾಳಿ ಕಡಿಮೆ ಸಿಕ್ಕರೆ ಜೇಡಿಮಣ್ಣಿನಲ್ಲಿರುವ ಕಬ್ಬಿಣದ ಅಂಶ ಕೆಂಪಾಗುವ ಬದಲು ನೀಲಿ ಬೆರೆತ ಕಪ್ಪಿಗೆ ತಿರುಗುತ್ತದೆ. ಇಟ್ಟಿಗೆಯನ್ನು ಒಂದಿಷ್ಟು ಮುಂದೆ ತಂದು, ಓರೆಯಾಗಿ ಇಟ್ಟು, ಹೋಗರ್ ಗೋಡೆಯ ತುಂಬ ಸಣ್ಣ ಸಣ್ಣ ನೆರಳು ಬೀಳುವ ಹಾಗೆ ಮಾಡಿದ್ದಾರೆ. ದೂರದಿಂದ ಒಂದು ಬಣ್ಣ, ಹತ್ತಿರದಿಂದ ನೂರು ಬಣ್ಣ. ಬಣ್ಣದ ಡಬ್ಬ ತಂದು ಬಳಿದ ಗೋಡೆಗೆ ಈ ಗುಣ ಎಂದಿಗೂ ಬರುವುದಿಲ್ಲ.

ಈಗ ಹೊಸದಕ್ಕೆ ಬರೋಣ. ಹಡಗುಗಳು ದೊಡ್ಡವಾದವು, ಕಂಟೇನರ್ ಬಂತು, ಬಂದರಿನ ಕೆಲಸ ಎಲ್ಬೆ ನದಿಯ ಆಚೆ ದಡಕ್ಕೆ ಹೋಯಿತು. ಶ್ಪೈಷರ್‌ಸ್ಟಾಟ್‌ನ ದಕ್ಷಿಣಕ್ಕೆ ಸುಮಾರು 157 ಹೆಕ್ಟೇರ್ ಖಾಲಿ ಬಿತ್ತು. ಅಲ್ಲಿ ಈ ಹಾಫೆನ್‌ಸಿಟಿ ಬಡಾವಣೆ ಕಟ್ಟುತ್ತೇವೆ ಎಂದು ನಗರ 1997ರಲ್ಲಿ ಹೇಳಿತು. ನಗರ ವಿನ್ಯಾಸಕ ಕೇಸ್ ಕ್ರಿಸ್ಟಿಯಾನ್ಸೆ ಮತ್ತವರ ಜೊತೆಗಾರರ ಮಾಸ್ಟರ್ ಪ್ಲಾನ್ 2000ದಲ್ಲಿ ಒಪ್ಪಿಗೆ ಪಡೆಯಿತು. ಮನೆ, ಕಚೇರಿ, ಶಾಲೆ, ವಿಶ್ವವಿದ್ಯಾಲಯ ಎಲ್ಲ ಬೆರೆಸಿ ಕಟ್ಟುತ್ತಿದ್ದಾರೆ, ಕೆಲಸ ಇನ್ನೂ ನಡೆದಿದೆ.

ಮೊದಲು ಎದ್ದವುಗಳಲ್ಲಿ ಸಾಂಡ್‌ಟೋರ್‌ಕೈ ಎಂಬ ಬೀದಿಯ ಎಂಟು ಕಟ್ಟಡಗಳು ಮುಖ್ಯ. ಎದುರಿಗೇ ಹಳೆಯ ಇಟ್ಟಿಗೆ ಗೋದಾಮುಗಳ ಉದ್ದ ಸಾಲು. ಇಲ್ಲಿ ಒಂದೊಂದು ಕಟ್ಟಡವೂ ಬಿಡಿಬಿಡಿ. ಒಂದೊಂದರ ಹೊರಮೈಯೂ ಬೇರೆ. ಒಂದೊಂದನ್ನೇ ನೋಡಿದರೆ ಕೆಲಸ ಚೊಕ್ಕವಾಗಿಯೇ ಇದೆ, ದಡದ ಮೇಲೆ ನೀರಿನತ್ತ ಚಾಚಿಕೊಂಡಿರುವ ರೀತಿಯೂ ಚಂದ. ಎಂಟನ್ನೂ ಒಟ್ಟಿಗೆ ನೋಡಿದಾಗ ಮಾತ್ರ ಮದುವೆಮನೆಯಲ್ಲಿ ಪರಿಚಯವಿಲ್ಲದ ನೆಂಟರು ಒಂದೇ ಸಾಲಿನಲ್ಲಿ ಊಟಕ್ಕೆ ಕುಳಿತ ಹಾಗಿದೆ. ಎದುರಿನ ಗೋದಾಮುಗಳ ಬಲವೇ ಸಾಲು. ಅದು ತುಂಡಾಗದೆ ಓಡುತ್ತದೆ, ಒಂದೇ ಇಟ್ಟಿಗೆಯ ಮಾತಾಡುತ್ತದೆ. ಅದಕ್ಕೆ ಉತ್ತರವಾಗಿ ಈಚೆ ಬದಿಯಲ್ಲಿ ಸಾಲೇ ಇಲ್ಲ. ಇಲ್ಲಿನ ಜನ ಆಗ ಡಬ್ಬಿಗಳು ಅಂತ ಬೈದದ್ದು ನನಗೆ ಅನ್ಯಾಯ ಅನ್ನಿಸುವುದಿಲ್ಲ.

ಅಲ್ಲಿಂದ ಪೂರ್ವಕ್ಕೆ ನಡೆದರೆ ಬ್ರೂಕ್‌ಟೋರ್‌ಕೈ ಸಿಗುತ್ತದೆ. ಇದನ್ನು ಬೇರೆ ಬೇರೆ ಕಚೇರಿಗಳ ವಾಸ್ತುಶಿಲ್ಪಿಗಳು ಹಂಚಿಕೊಂಡು ಮಾಡಿದರು. ಹ್ಯಾಂಬರ್ಗ್‌ನ ಜಿಎಂಪಿ ಸಂಸ್ಥೆ ಅವರಲ್ಲೊಂದು. ಕೈಗಳು ಬೇರೆಯಾದರೂ ಇಟ್ಟಿಗೆ ಕೆಂಪೇ. ಹಳೆಯ ಗೋಪುರ, ಕಮಾನುಗಳ ನಕಲಿಲ್ಲ, ಕಿಟಕಿಗಳು ದೊಡ್ಡವು, ನೋಡಿದ ಕೂಡಲೇ ಈ ಕಾಲದ ಕಟ್ಟಡ ಅಂತ ತಿಳಿಯುತ್ತದೆ. ಆದರೂ ಗೋದಾಮುಗಳ ಸಾಲು ಇಲ್ಲಿ ಮುಂದುವರಿದಂತೆ ಕಾಣುತ್ತದೆ. ಹೊಂದಿಕೊಳ್ಳುವುದಕ್ಕೆ ನಕಲು ಮಾಡಬೇಕಿಲ್ಲ ಎಂದು ನಾನು ಹೇಳಿದಾಗ ನಂಬದವರನ್ನು ಇಲ್ಲಿಗೇ ಕರೆದುಕೊಂಡು ಬರುತ್ತೇನೆ.

ಇನ್ನು ಎಲ್ಬ್‌ಫಿಲ್‌ಹಾರ್ಮೊನಿ. ಹಾಫೆನ್‌ಸಿಟಿಯ ಈ ಸಂಗೀತ ಸಭಾಂಗಣದ ಫೋಟೊ ನೀವು ನೋಡಿರುತ್ತೀರಿ. ಕೆಳಗಿರುವುದು ಕಾಲ್‌ಮೋರ್ಗೆನ್ ಅವರೇ 1960ರ ದಶಕದಲ್ಲಿ ಕಟ್ಟಿದ ಗೋದಾಮು: ಕೆಂಪು ಇಟ್ಟಿಗೆಯ ಮೊಂಡು ಗೋಡೆ, ಚಿಕ್ಕ ಚಿಕ್ಕ ಕಿಂಡಿಗಳು. ಅದರ ಮೇಲೆ ಸ್ವಿಟ್ಜರ್‌ಲ್ಯಾಂಡಿನ ವಾಸ್ತುಶಿಲ್ಪಿಗಳಾದ ಹೆರ್ಟ್ಸೋಗ್ ಮತ್ತು ದ ಮೊಯ್ರೊನ್ ಗಾಜಿನ ಅಲೆಯನ್ನು ಕೂರಿಸಿದರು. ಖರ್ಚು ಲೆಕ್ಕ ಮೀರಿ ಬೆಳೆದು ಊರಿಗೆ ಊರೇ ಸಿಟ್ಟಾಗಿತ್ತು. 2017ರ ಜನವರಿಯಲ್ಲಿ ತೆರೆದ ಮೇಲೆ ಅದೇ ಊರಿನ ಗುರುತಾಯಿತು. ಇಲ್ಲಿ ಹೊಸದು ಹಳೆಯದನ್ನು ಹೋಲುವುದೇ ಇಲ್ಲ. ಆದರೂ ಏಕೆ ನಿಲ್ಲುತ್ತದೆ? ಎರಡರ ನಡುವಿನ ಗೆರೆ ಸ್ಪಷ್ಟ. ಗೋದಾಮಿನ ತಲೆಯ ಮೇಲೆ, ಸುಮಾರು 37 ಮೀಟರ್ ಎತ್ತರದಲ್ಲಿ, ಜನ ನಡೆದಾಡುವ ಒಂದು ಅಂತಸ್ತು ಬಿಟ್ಟಿದ್ದಾರೆ. ಅದರ ನೆಲಕ್ಕೂ ಇಟ್ಟಿಗೆಯನ್ನೇ ಹಾಸಿದ್ದಾರೆ. ಒಳಗೆ ಬದಲಾದರೂ ಹಳೆಯದರ ಹೊರಗೋಡೆ ಉಳಿದಿದೆ, ಹೊಸದು ಅದರ ಮೇಲೆ ಕುಳಿತಿದೆ. ಆದರೆ ಇಂಥದ್ದು ಬಡಾವಣೆಗೆ ಒಂದು ಸಾಕು. ಪ್ರತಿ ಸೈಟಿನವರೂ ನಮ್ಮದೇ ಎಲ್ಬ್‌ಫಿಲ್‌ಹಾರ್ಮೊನಿ ಆಗಲಿ ಎಂದು ಹೊರಟರೆ ಬೀದಿ ಉಳಿಯುವುದಿಲ್ಲ.

ಇದನ್ನೆಲ್ಲ ಯಾರು ತೀರ್ಮಾನಿಸುತ್ತಾರೆ? ನಮ್ಮ ಕಡೆಯವರು ಗಮನಿಸಬೇಕಾದದ್ದು ಇದನ್ನೇ. ಹಾಫೆನ್‌ಸಿಟಿಯ ಜಮೀನು ಬಹುಪಾಲು ನಗರದ್ದೇ. ಸೈಟನ್ನು ಹೆಚ್ಚು ಬೆಲೆ ಕೂಗಿದವರಿಗೆ ಸುಮ್ಮನೆ ಮಾರುವುದಿಲ್ಲ. ಏನು ಕಟ್ಟುತ್ತೀರಿ, ಯಾರಿಗಾಗಿ, ಹೇಗೆ ಎನ್ನುವುದನ್ನೂ ತೂಗುತ್ತಾರೆ. ಆಯ್ಕೆಯಾದವರಿಗೆ ಮೊದಲು ಜಾಗ ಕಾದಿರಿಸಿಕೊಡುತ್ತಾರೆ, ಕ್ರಯಪತ್ರ ಆಮೇಲೆ. ಆ ಅವಧಿಯಲ್ಲಿ ಅವರು ನಗರದ ಜೊತೆ ಸೇರಿ ವಿನ್ಯಾಸ ಸ್ಪರ್ಧೆ ನಡೆಸಬೇಕು, ಪ್ಲಾನ್ ಸ್ಯಾಂಕ್ಷನ್‌ಗೆ ತಯಾರಿ ಮಾಡಬೇಕು. ಹೇಳಿದಂತೆ ನಡೆಯದಿದ್ದರೆ ಜಾಗ ವಾಪಸ್. ಹಾಗಾಗಿ ಹೊರಮೈ ಇಟ್ಟಿಗೆಯೋ ಗಾಜೋ, ನೆಲಮಹಡಿಯಲ್ಲಿ ಅಂಗಡಿಯೋ ಖಾಲಿ ಗೋಡೆಯೋ ಎಂಬ ಮಾತು ನಗರಕ್ಕೆ ಹಿಡಿತ ಇರುವಾಗಲೇ ಆಗಿಹೋಗುತ್ತದೆ. ಕಟ್ಟಡ ಎದ್ದ ಮೇಲೆ ಬಣ್ಣದ ಬಗ್ಗೆ ಪತ್ರ ಬರೆದು ಏನೂ ಆಗುವುದಿಲ್ಲ.

ನೆಲಮಹಡಿಯ ಎತ್ತರ ಬಹುತೇಕ ಕಡೆ ಕನಿಷ್ಠ 5 ಮೀಟರ್ ಇರಬೇಕು ಎಂಬ ನಿಯಮವೂ ಇದೆ. ಇಂದು ಕಚೇರಿ ಇದ್ದರೂ ನಾಳೆ ಹೋಟೆಲ್ಲೋ ಅಂಗಡಿಯೋ ಬರಲಿ ಅಂತ. ಬೀದಿಯಲ್ಲಿ ನಡೆಯುವವರು ಎಂಟನೇ ಮಹಡಿ ನೋಡುವುದಿಲ್ಲ. ಮೊದಲ 5 ಮೀಟರ್ ನೋಡುತ್ತಾರೆ, ಮುಟ್ಟುತ್ತಾರೆ, ಒರಗಿ ನಿಲ್ಲುತ್ತಾರೆ. ಈ ಬಡಾವಣೆಗೆ ಇನ್ನೊಂದು ವಿಶೇಷ ಇದೆ. 1962ರ ಪ್ರವಾಹದಲ್ಲಿ ಹ್ಯಾಂಬರ್ಗ್‌ನಲ್ಲಿ 315 ಜನ ಸತ್ತಿದ್ದರು. ಹಾಫೆನ್‌ಸಿಟಿ ನೆರೆ ತಡೆಯುವ ಮುಖ್ಯ ಒಡ್ಡಿನ ಹೊರಗಿರುವ ಕಾರಣ, ಕಟ್ಟಡಗಳನ್ನು ಸಮುದ್ರಮಟ್ಟದಿಂದ 8 ಮೀಟರಿಗಿಂತ ಎತ್ತರದ ಜಗಲಿಗಳ ಮೇಲೆ ಕೂರಿಸಿದ್ದಾರೆ. ದಡದ ಕಾಲುದಾರಿ ಕೆಳಗೇ ಇದೆ, ನೀರು ಉಕ್ಕಿದರೆ ಮುಳುಗುತ್ತದೆ. ಹೀಗಾಗಿ ಕೆಳಗೆ ನಡೆಯುವವರಿಗೆ ಕಾಣುವುದು ಕಟ್ಟಡವಲ್ಲ, ಆ ಜಗಲಿಯ ಗೋಡೆ. ಅದನ್ನು ಬರೀ ಕಾಂಕ್ರೀಟ್ ಬಿಟ್ಟರೆ ಎಷ್ಟೇ ಚಂದದ ಕಟ್ಟಡವೂ ಕೆಳಗಿನವರ ಪಾಲಿಗೆ ಇಲ್ಲವಾಗುತ್ತದೆ.

ಬೂದು ಬಣ್ಣದ ಪ್ರಶ್ನೆಗೆ ಬರುತ್ತೇನೆ. ಬೂದು ಯಾರಿಗೂ ಅಷ್ಟೇನೂ ಇಷ್ಟವಾಗದಿದ್ದರೂ ಯಾರೂ ಬೇಡ ಅನ್ನದ ಬಣ್ಣ. ಫ್ಲ್ಯಾಟ್ ಮಾರುವವರಿಗೆ ಅಷ್ಟೇ ಸಾಕು. ಇದರ ಹಿಂದೆ ತಾಂತ್ರಿಕ ಕಾರಣವೂ ಇದೆ. ಯುರೋಪಿನಲ್ಲಿ ಚಳಿ ತಡೆಯಲು ಗೋಡೆಯ ಹೊರಗೆ ದಪ್ಪ ಹಾಳೆ ಅಂಟಿಸಿ ಮೇಲೆ ತೆಳ್ಳಗೆ ಗಾರೆ ಹಚ್ಚುತ್ತಾರೆ. ಆ ಗಾರೆಗೆ ಗಾಢ ಬಣ್ಣ ಬಳಿದರೆ ಬಿಸಿಲಿಗೆ ಕಾದು ಬಿರುಕು ಬಿಡುವ ಅಪಾಯ. ಉಳಿದದ್ದು ಬಿಳಿ, ಕೆನೆ, ತಿಳಿಬೂದು. ಕಿಟಕಿಯ ಅಲ್ಯೂಮಿನಿಯಂ ಚೌಕಟ್ಟುಗಳಿಗೆ ಆರ್‌ಎಎಲ್ 7016 ಎಂಬ ಕಡುಬೂದು ಹೇಗೆ ಹಬ್ಬಿದೆಯೆಂದರೆ, ಬೇರೆ ಬಣ್ಣ ಬೇಕೆಂದರೆ ಏಕೆ ಎಂದು ಕೇಳುತ್ತಾರೆ. ನಮ್ಮ ಊರುಗಳಲ್ಲಿ ಆ ಜಾಗವನ್ನು ಎಸಿಪಿ ಶೀಟು, ಅಂದರೆ ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಬೇರೊಂದು ಪದರ ತುಂಬಿದ ಹಲಗೆ, ತುಂಬಿದೆ. ಬೇಗ ಮುಗಿಯುತ್ತದೆ, ಮೊದಲ ವರ್ಷ ಹೊಳೆಯುತ್ತದೆ. ಆದರೆ ಕೆಡುವುದು ಎಲ್ಲೆಂದರೆ ಸಂದುಗಳಲ್ಲಿ: ಸಿಲಿಕೋನ್ ಕಪ್ಪಾಗುತ್ತದೆ, ಮಳೆನೀರು ಅಲ್ಲಿಂದಲೇ ಗೆರೆ ಎಳೆಯುತ್ತದೆ. ಒಳಗೆ ಪಾಲಿಎಥಿಲೀನ್ ಪ್ಲಾಸ್ಟಿಕ್ ತುಂಬಿದ ಅಗ್ಗದ ಶೀಟು ಬೆಂಕಿಗೆ ಏನು ಮಾಡುತ್ತದೆ ಎಂಬುದನ್ನು 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್ ತೋರಿಸಿತು, 72 ಜನ ಪ್ರಾಣ ಬಿಟ್ಟರು. ಎಲಿವೇಷನ್ ಚರ್ಚೆಯಲ್ಲಿ ಈ ಮಾತು ಬರಲೇಬೇಕು.

ಇಟ್ಟಿಗೆ ಅಂದ ಮಾತ್ರಕ್ಕೆ ಗೆದ್ದಂತೆ ಅಲ್ಲ. ಈಗಿನ ಇಟ್ಟಿಗೆ ಗೋಡೆ ಭಾರ ಹೊರುವುದಿಲ್ಲ. ಕಾಂಕ್ರೀಟಿನ ಮುಂದೆ ಚಳಿ ತಡೆಯುವ ಪದರ, ಅದರ ಮುಂದೆ ಒಂದೇ ಒಂದು ಸಾಲು ಇಟ್ಟಿಗೆ. ಸುಳ್ಳು ಬಯಲಾಗುವುದು ಕಿಟಕಿಯ ಅಂಚಿನಲ್ಲಿ. ಕಿಟಕಿಯನ್ನು ಗೋಡೆಯ ಮುಖಕ್ಕೇ ಅಂಟಿಸಿದರೆ ಇಟ್ಟಿಗೆ ವಾಲ್‌ಪೇಪರ್ ಹಾಗೆ ಕಾಣುತ್ತದೆ. ಒಂದು ಗೇಣು ಒಳಗೆ ತಳ್ಳಿ, ಇಟ್ಟಿಗೆಯನ್ನು ಮೂಲೆ ತಿರುಗಿಸಿ ಒಳಗೂ ತಂದರೆ ನೆರಳು ಬೀಳುತ್ತದೆ, ಗೋಡೆಗೆ ತೂಕ ಬರುತ್ತದೆ. ಇನ್ನು ಸಂದಿನ ಗಾರೆ. ಗೋಡೆಯ ಮೇಲ್ಮೈಯಲ್ಲಿ ಹತ್ತಿರ ಹತ್ತಿರ ಐದನೇ ಒಂದು ಪಾಲು ಗಾರೆಯೇ ಇರುತ್ತದೆ. ಅದೇ ಇಟ್ಟಿಗೆಗೆ ಬಿಳಿಗಾರೆ ಹಾಕಿದರೆ ಗೋಡೆ ಗುಲಾಬಿಗೆ ತಿರುಗುತ್ತದೆ, ಕಪ್ಪುಗಾರೆ ಹಾಕಿದರೆ ರಾತ್ರಿಯಂತಾಗುತ್ತದೆ. ಇಟ್ಟಿಗೆ ಆರಿಸಲು ತಿಂಗಳು ಹಿಡಿದು, ಪಾಯಿಂಟಿಂಗ್, ಅಂದರೆ ಈ ಸಂದಿನ ಗಾರೆಯ ಬಣ್ಣವನ್ನು ಕೊನೆಯಲ್ಲಿ ಮೇಸ್ತ್ರಿಗೆ ಬಿಟ್ಟ ಕೆಲಸಗಳನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇದರಲ್ಲಿ ನಮ್ಮ ಕರಾವಳಿಗೂ ಒಂದು ನಂಟಿದೆ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಊರಿನ ಜೇಡಿಮಣ್ಣು, ಹೊರಗಿನಿಂದ ಬಂದ ಯಂತ್ರವಿದ್ಯೆ ಸೇರಿ ಮಂಗಳೂರು ಹೆಂಚು ಹುಟ್ಟಿತು. ಬಂದರು ಪ್ರದೇಶದ ಹಳೆಯ ಗೋದಾಮುಗಳು ಹೆಂಚಿನ ಮಾಡು, ಕೆಂಪುಕಲ್ಲಿನ ಗೋಡೆ ಹೊತ್ತು ನಿಂತಿರುವುದನ್ನು ಊರಿನವರೆಲ್ಲ ಕಂಡಿದ್ದಾರೆ. ಆ ಬಣ್ಣಗಳನ್ನು ಯಾರೂ ಆರಿಸಿದ್ದಲ್ಲ, ಮಣ್ಣಿನಿಂದಲೇ ಬಂದವು. ಮುಂದೆ ಚಾಚಿದ ಮಾಡು ಗೋಡೆಯನ್ನು ಮಳೆಯಿಂದ ಕಾಯುತ್ತಿತ್ತು. ಅದೇ ಮಳೆಗೆ ಸಜ್ಜಾ ಇಲ್ಲದ, ಬಿಳಿ ಬಳಿದ ಪೆಟ್ಟಿಗೆ ಕಟ್ಟಿದರೆ ಎರಡೇ ಮಳೆಗಾಲಕ್ಕೆ ಪಾಚಿ ಕಟ್ಟಿ ಕಪ್ಪಾಗುತ್ತದೆ. ಇಂಥ ಊರಿನಲ್ಲಿ ಹೊಸ ಕಟ್ಟಡಕ್ಕೆ ಹೆಂಚಿನ ಮಾಡಿನ ನಕಲು ಬೇಕಿಲ್ಲ. ಕೆಂಪುಕಲ್ಲು, ಸುಟ್ಟ ಮಣ್ಣಿನ ಬಿಲ್ಲೆ, ಆಳವಾದ ಸಜ್ಜಾ ಇದ್ದರೆ ಎಂಟು ಮಹಡಿಯ ಕಟ್ಟಡವೂ ಅಲ್ಲಿಯದೇ ಅನ್ನಿಸಬಹುದು. ಹ್ಯಾಂಬರ್ಗ್‌ನ ಇಟ್ಟಿಗೆಯನ್ನು ಅಲ್ಲಿಗೆ ಹೊತ್ತುಕೊಂಡು ಹೋಗುವುದು ಮಾತ್ರ ಬೇಡ.

ನಿಮ್ಮ ಕಡೆ ಇಂಥ ಯೋಜನೆಯ ಅಹವಾಲು ಸಭೆ ನಡೆದರೆ ಕಂಪ್ಯೂಟರಿನ ಚಿತ್ರ ನೋಡಿ ಒಪ್ಪಬೇಡಿ. ಅದರಲ್ಲಿ ಯಾವಾಗಲೂ ಸಂಜೆಬಿಸಿಲು, ಮರಗಳಿಗೆ ಇಪ್ಪತ್ತು ವರ್ಷ ವಯಸ್ಸು. ಜಾಗದಲ್ಲೇ ಆಳೆತ್ತರದ ಮಾದರಿ ಗೋಡೆ ಕಟ್ಟಿಸಲು ಕೇಳಿ. ಅದರಲ್ಲಿ ಒಂದು ಕಿಟಕಿಯ ಮೂಲೆ ಇರಲಿ, ಸಂದಿನ ಗಾರೆ ಇರಲಿ, ಮಳೆನೀರು ಇಳಿಯುವ ಅಂಚು ಇರಲಿ. ಹಳೆಯ ಗೋದಾಮಿನ ಗೋಡೆ ಅದರ ಹಿಂದೆ ಕಾಣುವ ಹಾಗೆ ನಿಲ್ಲಿಸಲಿ. ಒಂದು ಮಳೆಗಾಲ ಅದು ನೆನೆದ ಮೇಲೆ ಹೋಗಿ ನೋಡಿ, ಆಮೇಲೆ ಅಭಿಪ್ರಾಯ ಕೊಡಿ. ಯಾವ ಊರು, ಯಾವ ಜಾಗ ಎಂದು ತಿಳಿಸಿದರೆ ಅಲ್ಲಿಗೆ ಯಾವ ಕಲ್ಲು, ಯಾವ ಗಾರೆ ಹೊಂದೀತು ಎಂದು ಇನ್ನೂ ನಿಖರವಾಗಿ ಬರೆಯುತ್ತೇನೆ.