‘ಅಣ್ಣನನ್ನು ಕೇಳಿ ಹೇಳ್ತೀನಿ’ ಎಂದಾಕೆ ಮತ್ತೆ ಬರಲಿಲ್ಲ

ಆತ್ಮೀಯರೆ,

ಆಪ್ತಸಮಾಲೋಚಕಿಯಾಗಿ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ ಎಂದು ಬರೆದಿದ್ದೀರಿ. ಬೇರೆ ದೇಶದಿಂದ ಬಂದು ನೆಲೆಸಿದ, ನಿಮ್ಮ ಭಾಷೆಯನ್ನು ತಡವರಿಸುತ್ತಾ ಆಡುವ ಹೆಣ್ಣುಮಗಳೊಬ್ಬಳು ನಿದ್ದೆ ಬರುವುದಿಲ್ಲ, ಎದೆ ಭಾರ ಎಂದು ನಿಮ್ಮಲ್ಲಿಗೆ ಬಂದಳು. ಕೆಲಸಕ್ಕೆ ಹೋಗಬೇಕೆಂಬ ಆಸೆ ಅವಳಿಗೆ. ನೀವು ಏನು ಕೇಳಿದರೂ ‘ಅಣ್ಣನನ್ನು ಕೇಳಿ ಹೇಳ್ತೀನಿ’ ಎನ್ನುತ್ತಿದ್ದಳು. ನಿಮ್ಮ ಬದುಕಿನ ನಿರ್ಧಾರ ನೀವೇ ಮಾಡಬೇಕು ಎಂದು ತಿಳಿಹೇಳಿದಿರಿ. ಅವಳು ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಾ ತಲೆಯಾಡಿಸಿದಳು. ಮೂರನೇ ಭೇಟಿಗೆ ಬರಲೇ ಇಲ್ಲ. ‘ನಾನು ಎಲ್ಲಿ ತಪ್ಪಿದೆ? ಬರುವವರೆಲ್ಲರ ಸಂಸ್ಕೃತಿಯನ್ನೂ ಓದಿಕೊಂಡು ಕೂರಲು ಸಾಧ್ಯವೇ?’ ಎಂದು ಕೇಳಿದ್ದೀರಿ.

ಎರಡನೇ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಸಾಧ್ಯವಿಲ್ಲ. ಓದಿಕೊಂಡರೂ ನಿಮ್ಮೆದುರು ಕೂತವರು ನೀವು ಓದಿದ ಹಾಗೆಯೇ ಇರುತ್ತಾರೆಂದು ನಂಬಬೇಡಿ. ಒಂದೇ ಮನೆಯಲ್ಲಿ ಬೆಳೆದ ಅಕ್ಕತಂಗಿಯರಲ್ಲಿ ಒಬ್ಬಳಿಗೆ ಮನೆಯವರ ಮಾತು ಆಸರೆಯಾದರೆ ಇನ್ನೊಬ್ಬಳಿಗೆ ಅದೇ ಬೇಡಿಯಾಗಿರುತ್ತದೆ. ‘ಆ ಜನ ಹಾಗೆ, ಈ ಜನ ಹೀಗೆ’ ಎಂಬ ಪಟ್ಟಿ ಹಿಡಿದು ಕೂತರೆ ಇಬ್ಬರೂ ಕಾಣುವುದಿಲ್ಲ. ಓದಬೇಡಿ ಎಂದಲ್ಲ, ಏನನ್ನು ಕೇಳಬೇಕೆಂದು ಹೊಳೆಯುವಷ್ಟಕ್ಕೆ ಓದಿ.

ಇನ್ನು ಎಲ್ಲಿ ತಪ್ಪಿದಿರಿ ಎಂಬುದು. ನಿಮಗಿಂತ ದೊಡ್ಡವರೊಬ್ಬರು ತಪ್ಪಿದ ಪ್ರಸಂಗ ಹೇಳುತ್ತೇನೆ. ಮನೋವೈದ್ಯ ಫ್ರಾಂಜ್ ಫನಾನ್ 1953ರಲ್ಲಿ ಅಲ್ಜೀರಿಯಾದ ಬ್ಲಿಡಾ ಪಟ್ಟಣದ ಮಾನಸಿಕ ಆಸ್ಪತ್ರೆಗೆ ಬಂದರು. ರೋಗಿಗಳನ್ನು ಕೂಡಿಹಾಕುವುದು ಬಿಟ್ಟು ಸಭೆ, ಹಾಡು, ಸಿನಿಮಾ, ಕೈಕೆಲಸಗಳ ಮೂಲಕ ಮತ್ತೆ ಸಮಾಜಕ್ಕೆ ಹೊಂದಿಸುವ ವಿಧಾನವನ್ನು ಫ್ರಾನ್ಸಿನಲ್ಲಿ ಕಲಿತಿದ್ದರು. ಯುರೋಪಿನ ಮೂಲದ ಹೆಂಗಸರ ವಾರ್ಡಿನಲ್ಲಿ ಅದು ಚೆನ್ನಾಗಿ ಫಲ ಕೊಟ್ಟಿತು. ಅದನ್ನೇ ಮುಸ್ಲಿಂ ಗಂಡಸರ ವಾರ್ಡಿನಲ್ಲಿ ಮಾಡಿದಾಗ ನೆಲಕಚ್ಚಿತು. ರೋಗಿಗಳು ಸಭೆಗಳಲ್ಲಿ ಮನಸ್ಸಿಟ್ಟು ಕೂರಲಿಲ್ಲ, ಕೈಕೆಲಸ ಅವರಿಗೆ ಹಿಡಿಸಲಿಲ್ಲ. ‘ಇವರಿಗೆ ಸಹಕರಿಸುವ ಮನಸ್ಸಿಲ್ಲ’ ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಫನಾನ್ ಮತ್ತು ಅವರ ಕಿರಿಯ ಸಹೋದ್ಯೋಗಿ ಅಜುಲೆ 1954ರ ಲೇಖನದಲ್ಲಿ ತಪ್ಪು ತಮ್ಮದೇ ಎಂದು ಒಪ್ಪಿಕೊಂಡರು. ಈ ಗಂಡಸರು ಯಾರೊಂದಿಗೆ, ಎಲ್ಲಿ, ಹೇಗೆ ಹೊತ್ತು ಕಳೆಯುತ್ತಿದ್ದರು ಎಂಬುದನ್ನೇ ನೋಡದೆ ಇನ್ನೊಂದು ಸಮಾಜಕ್ಕೆ ಹೊಲಿದ ಅಂಗಿಯನ್ನು ತೊಡಿಸಲು ಹೋಗಿದ್ದರು. ಆಮೇಲೆ ಆಸ್ಪತ್ರೆಯೊಳಗೇ ಅಲ್ಲಿನ ಗಂಡಸರು ಕೂತು ಹರಟುವಂಥ ಕಾಫಿಮನೆ ತೆರೆದರು, ಹಬ್ಬಗಳನ್ನು ಆಚರಿಸಿದರು, ಕಥೆ ಹೇಳುವವರನ್ನು ಕರೆಸಿದರು.

‘ನಿಮ್ಮ ನಿರ್ಧಾರ ನೀವೇ ಮಾಡಿ’ ಎಂಬ ಮಾತು ನಿಮಗೆ ಸಹಜ ಸತ್ಯದಂತೆ ಕಂಡಿತು. ಅದೂ ಒಂದು ಸಂಸ್ಕೃತಿಯ ಮಾತೇ. ನೀವು ಓದಿದ ಮನಶ್ಶಾಸ್ತ್ರದ ಬಹುಪಾಲು ಹುಟ್ಟಿದ್ದು ಒಂಟಿ ವ್ಯಕ್ತಿಯನ್ನೇ ಪೂರ್ಣ ಘಟಕವೆಂದು ಎಣಿಸುವ ಸಮಾಜಗಳಲ್ಲಿ. ಸಮಾಲೋಚಕ ತನ್ನದೇ ಸಂಸ್ಕೃತಿಯ ಗೂಡಿನೊಳಗೆ ಕೂತು ಅದನ್ನೇ ಜಗತ್ತೆಂದು ತಿಳಿಯುವ ಅಪಾಯವನ್ನು ಅಮೆರಿಕದ ಗಿಲ್ಬರ್ಟ್ ರೆನ್ 1962ರಷ್ಟು ಹಿಂದೆಯೇ ಎತ್ತಿ ತೋರಿಸಿದ್ದರು. ಬಂದಾಕೆಯ ಸಂಸ್ಕೃತಿ ನಿಮಗೆ ಕೂಡಲೇ ಕಾಣಿಸಿತು. ನಿಮ್ಮದು ನಿಮಗೆ ಕಾಣಲಿಲ್ಲ. ನಿಮ್ಮ ಪತ್ರದಿಂದ ನನಗೆ ತಿಳಿದದ್ದು ಇಷ್ಟು.

ಅವಳು ನಿದ್ದೆ ಮತ್ತು ಎದೆಭಾರದ ಮಾತಾಡಿದ್ದನ್ನೂ ಗಮನಿಸಿ. ‘ಭಾವನೆಗಳನ್ನು ಹೇಳಿಕೊಳ್ಳಲು ಬರುವುದಿಲ್ಲ’ ಎಂದು ನೀವು ಟಿಪ್ಪಣಿ ಬರೆದಿದ್ದೀರಿ. ಆರ್ಥರ್ ಕ್ಲೈನ್‌ಮನ್ ಎಂಬ ಮನೋವೈದ್ಯ 1980ರ ಸುಮಾರಿಗೆ ಚೀನಾದ ಹುನಾನ್‌ನಲ್ಲಿ ನರದೌರ್ಬಲ್ಯದ ಹಣೆಪಟ್ಟಿ ಹೊತ್ತ 100 ರೋಗಿಗಳನ್ನು ಮಾತಾಡಿಸಿದರು. ಹೆಚ್ಚಿನವರು ಹೇಳಿಕೊಂಡಿದ್ದು ತಲೆನೋವು, ನಿದ್ದೆಗೇಡು, ಸುಸ್ತು, ತಲೆಸುತ್ತು. ಪಾಶ್ಚಾತ್ಯ ಅಳತೆಗೋಲಿಟ್ಟು ನೋಡಿದರೆ ಅವರಲ್ಲಿ ಬಹುಪಾಲು ಜನರಿಗೆ ಖಿನ್ನತೆಯಿತ್ತು. ಮನಸ್ಸಿನ ನೋವನ್ನು ಮೈಯ ಮಾತಿನಲ್ಲಿ ಹೇಳುವುದು ಕೊರತೆಯಲ್ಲ, ಹಾಗೆ ಹೇಳುವ ಭಾಷೆಗಳು ಲೋಕದಲ್ಲಿ ಬೇಕಾದಷ್ಟಿವೆ. ಎದೆ ಭಾರವೆಂದವಳಿಗೆ ‘ಯಾವಾಗ ಹೆಚ್ಚುತ್ತದೆ? ಯಾರು ಜೊತೆಗಿದ್ದಾಗ ಹಗುರಾಗುತ್ತದೆ?’ ಎಂದು ಕೇಳಿ. ಭಾವನೆಯ ಹೆಸರು ಹೇಳೆಂದು ಒತ್ತಾಯಿಸಿದರೆ ಸಿಗದ್ದು ಆ ದಾರಿಯಲ್ಲಿ ಸಿಗುತ್ತದೆ.

ಜಿಂಬಾಬ್ವೆಯ ಒಂದು ಪ್ರಯತ್ನ ನನಗೆ ಬಹಳ ಮೆಚ್ಚಿಗೆ. ಅಲ್ಲಿನ ಮನೋವೈದ್ಯ ಡಿಕ್ಸನ್ ಚಿಬಾಂಡಾ 2006ರಲ್ಲಿ ಅಜ್ಜಿಯರಿಗೆ ತರಬೇತಿ ಕೊಟ್ಟು ಸಮಾಲೋಚನೆಗೆ ಕೂರಿಸಿದರು. ಚಿಕಿತ್ಸಾಲಯದ ಆವರಣದಲ್ಲಿ ಮರದ ಬೆಂಚು, ಒಂದು ತುದಿಗೆ ಅಜ್ಜಿ, ಪಕ್ಕದಲ್ಲಿ ಬಂದವರು, ಅಷ್ಟೇ. ಖಿನ್ನತೆ ಎಂಬ ಪದವನ್ನು ಅವರ ಮೇಲೆ ಹೇರಲಿಲ್ಲ. ಶೋನಾ ಭಾಷೆಯ ಜನ ತಾವೇ ಬಳಸುವ ‘ಕುಫುಂಗಿಸಿಸಾ’ ಎಂಬ ಮಾತನ್ನು, ಅಂದರೆ ಅತಿಯಾಗಿ ಯೋಚಿಸುವುದು ಎಂಬುದನ್ನು, ಹಿಡಿದುಕೊಂಡರು. ಮೊದಲ ಹಂತಕ್ಕೆ ‘ಮನಸ್ಸು ತೆರೆಯುವುದು’ ಎಂದೇ ಹೆಸರು. 573 ಜನರನ್ನು ಒಳಗೊಂಡ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಬೆಂಚಿನಲ್ಲಿ ಕೂತವರ ತೊಂದರೆ, ಮಾಮೂಲಿ ಆರೈಕೆ ಪಡೆದವರಿಗಿಂತ ಆರು ತಿಂಗಳಲ್ಲಿ ಸ್ಪಷ್ಟವಾಗಿ ಕಡಿಮೆಯಾಗಿತ್ತು.

ಕೇಳುವುದಕ್ಕೆ ಸಿದ್ಧ ಸಲಕರಣೆಯೂ ಇದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ, ಮಾನಸಿಕ ತೊಂದರೆಗಳನ್ನು ಗುರುತಿಸಲು ಬಳಸುವ ಡಿಎಸ್‌ಎಂ-5 ಕೈಪಿಡಿಯಲ್ಲಿ ಸಂಸ್ಕೃತಿಯ ಕುರಿತ 16 ಪ್ರಶ್ನೆಗಳ ಸಂದರ್ಶನವೊಂದಿದೆ. ಈ ತೊಂದರೆಯನ್ನು ಮನೆಯವರಿಗೆ, ನಿಮ್ಮ ಜನಕ್ಕೆ ಹೇಗೆ ಹೇಳುತ್ತೀರಿ ಎಂದು ಅದು ಕೇಳುತ್ತದೆ. ಬೇರೆ ಬೇರೆ ಹಿನ್ನೆಲೆಯ ಕಾರಣ ನಾವಿಬ್ಬರು ಒಬ್ಬರಿಗೊಬ್ಬರು ಅರ್ಥವಾಗದೆ ಹೋಗಬಹುದೆಂಬ ಅಳುಕಿದೆಯೇ ಎಂದೂ ಕೇಳುತ್ತದೆ. ಈ ಕೊನೆಯದನ್ನು ಬಾಯಿಬಿಟ್ಟು ಕೇಳುವುದಕ್ಕೆ ಧೈರ್ಯ ಬೇಕು. ಹದಿನಾರನ್ನೂ ಅರ್ಜಿ ತುಂಬಿಸಿದ ಹಾಗೆ ಒಪ್ಪಿಸಬೇಡಿ, ಮಾತಿನ ನಡುವೆ ಎರಡು ಬಂದರೂ ಸಾಕು.

ನನ್ನದೊಂದು ತಪ್ಪನ್ನೂ ಹೇಳಬೇಕು. ಈ ಪತ್ರಿಕೆಯ ಸಲಹಾ ಅಂಕಣವನ್ನು ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಯುವಕನೊಬ್ಬ ಅಪ್ಪನೊಂದಿಗಿನ ಮನಸ್ತಾಪದ ಬಗ್ಗೆ ಬರೆದಿದ್ದ. ‘ನೇರವಾಗಿ ಕೂತು ಮಾತಾಡಿ’ ಎಂದು ಬರೆದೆ. ತಿಂಗಳ ನಂತರ ಅವನ ಇನ್ನೊಂದು ಪತ್ರ ಬಂತು. ‘ನಮ್ಮಲ್ಲಿ ಅಪ್ಪನಿಗೆ ಎದುರು ಕೂತು ಹಾಗೆ ಮಾತಾಡುವುದಿಲ್ಲ, ಸೋದರಮಾವನ ಮೂಲಕ ಹೇಳಿಸುತ್ತೇವೆ. ನೀವು ಕೇಳಿದ್ದರೆ ಹೇಳುತ್ತಿದ್ದೆ.’ ಆ ಕೊನೆಯ ವಾಕ್ಯ ಇವತ್ತಿಗೂ ನನ್ನನ್ನು ಕಾಡುತ್ತದೆ.

ಹಾಗೆಂದು ‘ಅದು ಅವರ ಸಂಸ್ಕೃತಿ’ ಎಂದು ಎಲ್ಲಕ್ಕೂ ತಲೆಬಾಗಬೇಡಿ. ಹೊಡೆತ, ಬೆದರಿಕೆ, ಕೂಡಿಹಾಕುವುದು ಯಾರ ಮನೆಯಲ್ಲಿ ನಡೆದರೂ ಹಿಂಸೆಯೇ. ‘ಅಣ್ಣನನ್ನು ಕೇಳಿ ಹೇಳ್ತೀನಿ’ ಎನ್ನುವಾಗ ಆಕೆಯ ದನಿಯಲ್ಲಿದ್ದುದು ನಂಬಿಕೆಯೋ ಭಯವೋ? ಪತ್ರದಲ್ಲಿ ಅದರ ಸುಳಿವಿಲ್ಲ. ನೀವು ಕೇಳಿರಲಿಲ್ಲ ಅನ್ನಿಸುತ್ತದೆ. ಎರಡಕ್ಕೂ ದಾರಿ ಬೇರೆ ಬೇರೆ, ಗೊತ್ತಾಗುವ ಮುಂಚೆ ಯಾವುದನ್ನೂ ಹಿಡಿಯಬೇಡಿ.

ಭಾಷೆಯ ತೊಡಕಿದ್ದರೆ ತರಬೇತಿ ಪಡೆದ ದುಭಾಷಿಯನ್ನು ಕರೆಸಿ. ಮನೆಯವರನ್ನು, ಅದರಲ್ಲೂ ಮಕ್ಕಳನ್ನು, ಆ ಜಾಗದಲ್ಲಿ ಕೂರಿಸಬೇಡಿ. ತಾಯಿಯ ದುಃಖವನ್ನು ಮಗುವಿನ ಬಾಯಿಂದ ಹೇಳಿಸುವುದು ಇಬ್ಬರಿಗೂ ಅನ್ಯಾಯ. ದುಭಾಷಿ ಇದ್ದಾಗಲೂ ನಿಮ್ಮ ಕಣ್ಣು ಬಂದವರ ಮೇಲಿರಲಿ.

ಈಗ ಆಕೆಯ ವಿಷಯ. ಸಂಪರ್ಕಕ್ಕೆಂದು ಮೊದಲ ದಿನ ಆಕೆಯೇ ಕೊಟ್ಟ ದಾರಿಯಲ್ಲಿ ಒಂದೇ ಒಂದು ಸಲ ಸಂದೇಶ ಕಳಿಸಿ. ಬೇರೆಯವರು ಓದಿದರೂ ಆಕೆಗೆ ತೊಂದರೆಯಾಗದ ಹಾಗೆ ಬರೆಯಿರಿ. ‘ಕಳೆದ ಸಲ ನಾನೇ ಹೆಚ್ಚು ಮಾತಾಡಿದೆ. ನಿಮಗೆ ಬೇಕೆನಿಸಿದಾಗ ಬನ್ನಿ’ ಎಂದಿದ್ದರೆ ಸಾಕು. ಉತ್ತರ ಬಾರದಿದ್ದರೆ ಬೆನ್ನುಹತ್ತಬೇಡಿ. ಬಂದರೆ, ಕೆಲಸದ ಮಾತು ಆಮೇಲಿರಲಿ, ಮೊದಲು ಇದನ್ನು ಕೇಳಿ: ‘ಅಣ್ಣನನ್ನು ಕೇಳಿದರೆ ಅವರು ಏನನ್ನಬಹುದು ಅಂತ ನಿಮಗನ್ನಿಸುತ್ತೆ?’ ಕೇಳಿ ಸುಮ್ಮನಿರಿ, ಆಕೆ ಎಷ್ಟು ಹೊತ್ತು ತೆಗೆದುಕೊಂಡರೂ.

– ಸಂಪಾದಕ