ರೆಫ್‌ಕರ್ಸರ್ ಯಾಕೆ ಮಾಯವಾಗುತ್ತದೆ?

ಪ್ರಶ್ನೆ: ಎಪಿಎಂಸಿ ಯಾರ್ಡ್‌ನ ದಲಾಲಿ ಮಂಡಿಯೊಂದಕ್ಕೆ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಲೆಕ್ಕದ ಪ್ರೋಗ್ರಾಂ ಬರೆದಿದ್ದೇನೆ. ಒಂದು ಫಂಕ್ಷನ್ ಆ ದಿನದ ಮೆಕ್ಕೆಜೋಳದ ಲಾಟ್‌ಗಳನ್ನು ಆರಿಸಿ ರೆಫ್‌ಕರ್ಸರ್ (ಕ್ವೆರಿಯ ಫಲಿತಾಂಶವನ್ನು ಸಾಲುಸಾಲಾಗಿ ಓದಲು ಸಿಗುವ ಹಿಡಿಕೆ) ಕೊಡುತ್ತದೆ. ಇನ್ನೊಂದು ಅದನ್ನು ಓದಿ, ಹಮಾಲಿ, ತೂಕದ ಕೂಲಿ ಕಳೆದು ರೈತರ ಪಟ್ಟಿ ತೆಗೆಯಬೇಕು. ಎರಡನೆಯದನ್ನು ಕರೆದ ಕೂಡಲೇ ‘ಕರ್ಸರ್ ಇಲ್ಲ’ ಎಂಬ ಎರರ್. ಟೆಂಪ್ (ತಾತ್ಕಾಲಿಕ) ಟೇಬಲ್ ಮಾಡಲೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ರೆಫ್‌ಕರ್ಸರ್‌ನ ಆಯುಷ್ಯ ಒಂದು ಟ್ರಾನ್ಸಾಕ್ಷನ್ (ಬಿಗಿನ್‌ನಿಂದ ಕಮಿಟ್‌ವರೆಗಿನ ಕೆಲಸ) ಅಷ್ಟೇ. ಆಟೋಕಮಿಟ್ (ಪ್ರತಿ ಕರೆಯೂ ತಾನೇ ಒಂದು ಟ್ರಾನ್ಸಾಕ್ಷನ್) ಇದ್ದರೆ ಮೊದಲ ಕರೆ ಮುಗಿಯುತ್ತಲೇ ಕರ್ಸರ್ ಮುಚ್ಚುತ್ತದೆ. ಎರಡೂ ಕರೆಗಳನ್ನು ಒಂದೇ ಬಿಗಿನ್–ಕಮಿಟ್ ಒಳಗಿಟ್ಟರೆ ಎರರ್ ಹೋಗುತ್ತದೆ. ಆದರೆ ನಿಮ್ಮ ಕೆಲಸಕ್ಕೆ ಕರ್ಸರೇ ಬೇಡ.

ಮೊದಲ ಫಂಕ್ಷನ್ ‘ರಿಟರ್ನ್ಸ್ ಟೇಬಲ್’ ಆಗಿರಲಿ. ಎರಡನೆಯದು ಅದನ್ನು ‘ಫ್ರಮ್’ ಜಾಗದಲ್ಲಿ ಟೇಬಲ್‌ನಂತೆಯೇ ಬಳಸಲಿ. ಸಾಧ್ಯವಾದರೆ ಪಿಎಲ್‌ಪಿಜಿಎಸ್‌ಕ್ಯೂಎಲ್ (ಪೋಸ್ಟ್‌ಗ್ರೆಸ್‌ನ ಫಂಕ್ಷನ್ ಬರೆಯುವ ಭಾಷೆ) ಬಿಟ್ಟು ಬರಿ ಎಸ್‌ಕ್ಯೂಎಲ್‌ನಲ್ಲಿ, ಒಂದೇ ಸೆಲೆಕ್ಟ್ ಆಗಿ ಬರೆದು ‘ಸ್ಟೇಬಲ್’ (ಡೇಟಾ ಬದಲಿಸದು, ಒಂದೇ ಕ್ವೆರಿಯೊಳಗೆ ಉತ್ತರ ಬದಲಾಗದು) ಎಂದು ಗುರುತಿಸಿ. ‘ಸ್ಟ್ರಿಕ್ಟ್’, ‘ಸೆಕ್ಯೂರಿಟಿ ಡಿಫೈನರ್’ ಹಾಕಬೇಡಿ. ಆಗ ಪ್ಲಾನರ್ (ಕ್ವೆರಿ ಓಡಿಸುವ ದಾರಿ ಆರಿಸುವ ಭಾಗ) ಫಂಕ್ಷನ್ನನ್ನು ಬಿಚ್ಚಿ ಹೊರಗಿನ ಕ್ವೆರಿಯಲ್ಲೇ ಬೆರೆಸುತ್ತದೆ. ಹೊರಗೆ ಕೊಟ್ಟ ರೈತರ ನಂಬರಿನ ಷರತ್ತು ಲಾಟ್ ಟೇಬಲ್‌ನ ಇಂಡೆಕ್ಸ್‌ವರೆಗೂ ತಲುಪುತ್ತದೆ. ಪಿಎಲ್‌ಪಿಜಿಎಸ್‌ಕ್ಯೂಎಲ್‌ನ ‘ರಿಟರ್ನ್ ಕ್ವೆರಿ’ ಹಾಗಲ್ಲ. ಎಲ್ಲ ಸಾಲುಗಳನ್ನೂ ಗುಡ್ಡೆ ಹಾಕಿಕೊಂಡೇ ಮುಂದೆ ಕೊಡುತ್ತದೆ. ಗುಡ್ಡೆ ವರ್ಕ್‌ಮೆಮ್ ಎಂಬ ಮೆಮೊರಿ ಮಿತಿ ಮೀರಿದರೆ (ಡಿಫಾಲ್ಟ್ 4 ಎಂಬಿ) ಡಿಸ್ಕ್‌ಗೆ ಇಳಿಯುತ್ತದೆ. ಒಳಗೆ 40 ಲಾಟ್ ಇರಲಿ, 40,000 ಇರಲಿ, ನೀವು ‘ರೋಸ್’ (ಅಂದಾಜು ಸಾಲುಗಳ ಸಂಖ್ಯೆ) ಹೇಳದಿದ್ದರೆ ಪ್ಲಾನರ್ 1000 ಎಂದೇ ಊಹಿಸುತ್ತದೆ. ಜಾಯಿನ್‌ನ ವಿಧಾನ ಆರಿಸುವಾಗ ಅದು ತಪ್ಪುವುದು ಅಲ್ಲೇ. ಪಿಎಲ್‌ಪಿಜಿಎಸ್‌ಕ್ಯೂಎಲ್ ಅನ್ನೇ ಬಳಸಬೇಕಾಗಿ ಬಂದರೆ ಕಾಲಂಗಳಿಗೆ ಟೇಬಲ್‌ನ ಅಲಿಯಾಸ್ ಸೇರಿಸಿ ಬರೆಯಿರಿ. ‘ರಿಟರ್ನ್ಸ್ ಟೇಬಲ್’ನ ಹೆಸರುಗಳು ಒಳಗೆ ವೇರಿಯಬಲ್‌ಗಳೂ ಆಗುವುದರಿಂದ, ಅದೇ ಹೆಸರಿನ ಕಾಲಂ ಸಿಕ್ಕರೆ ಯಾವುದು ಎಂದು ತಿಳಿಯದೆ ಎರರ್ ಕೊಡುತ್ತದೆ.

ಟೆಂಪ್ ಟೇಬಲ್ ಬೇಕಾಗುವುದು ಅದೇ ಲಾಟ್‌ಗಳನ್ನು ಮೂರ್ನಾಲ್ಕು ಸಲ ಓದುವಾಗ: ರೈತರ ಪಟ್ಟಿಗೆ, ಹಮಾಲಿ ಮೊತ್ತಕ್ಕೆ, ಖರೀದಿದಾರರ ಬಿಲ್ಲಿಗೆ. ‘ಆನ್ ಕಮಿಟ್ ಡ್ರಾಪ್’ ಕೊಡಿ. ತುಂಬಿದ ಮೇಲೆ ‘ಅನಲೈಸ್’ (ಪ್ಲಾನರ್‌ಗೆ ಅಂಕಿಅಂಶ ಸಂಗ್ರಹಿಸುವ ಆದೇಶ) ನೀವೇ ಓಡಿಸಿ, ಅದನ್ನು ತಾನಾಗಿ ಮಾಡುವ ಆಟೋವ್ಯಾಕ್ಯೂಮ್ ಟೆಂಪ್ ಟೇಬಲ್‌ಗಳನ್ನು ಮುಟ್ಟುವುದಿಲ್ಲ. ಪ್ರತಿ ಕರೆಗೂ ಹೊಸದು ಸೃಷ್ಟಿಸುತ್ತಾ ಹೋದರೆ ಸಿಸ್ಟಂ ಕ್ಯಾಟಲಾಗ್‌ನಲ್ಲಿ (ಪೋಸ್ಟ್‌ಗ್ರೆಸ್‌ನ ಒಳಪಟ್ಟಿಗಳಲ್ಲಿ) ಸತ್ತ ಸಾಲುಗಳು ತುಂಬುತ್ತವೆ.

ಹತ್ತಿಪ್ಪತ್ತು ಲಾಟ್ ನಂಬರ್ ಮಾತ್ರ ದಾಟಿಸುವುದಿದ್ದರೆ ಅರೇ (ಮೌಲ್ಯಗಳ ಸಾಲು) ಸಾಕು.

ಬದಲಾಯಿಸಿದ ಮೇಲೆ ಹೊರಗಿನ ಸೆಲೆಕ್ಟ್‌ಗೆ ‘ಎಕ್ಸ್‌ಪ್ಲೇನ್’ (ಪ್ಲಾನರ್ ಆರಿಸಿದ ದಾರಿ ತೋರಿಸುವ ಆದೇಶ) ಹಾಕಿ ನೋಡಿ. ‘ಫಂಕ್ಷನ್ ಸ್ಕ್ಯಾನ್’ ಎಂದೇ ಬಂದರೆ ಫಂಕ್ಷನ್ ಬಿಚ್ಚಿಕೊಂಡಿಲ್ಲ. ಸಾಮಾನ್ಯವಾಗಿ ‘ಸ್ಟೇಬಲ್’ ಬರೆಯಲು ಮರೆತಿರುತ್ತೀರಿ. ಏನೂ ಬರೆಯದಿದ್ದರೆ ಅದು ‘ವೊಲಟೈಲ್’, ಅಂದರೆ ಉತ್ತರ ಯಾವಾಗ ಬೇಕಾದರೂ ಬದಲಾಗಬಹುದಾದ ಫಂಕ್ಷನ್.