ಅನಾದಿ ಯಾವ ಊರು?

ನಮಸ್ಕಾರ.

ಸ್ಪೇನ್-ಫ್ರಾನ್ಸ್ ಗಡಿಯಲ್ಲಿ ಪಿರನೀಸ್ ಪರ್ವತದ ಪಕ್ಕದ ಬಾಸ್ಕ್ ನಾಡಿನ ಚಲಪಾರ್ತ, ಅಂದರೆ ಮರದ ಹಲಗೆಯನ್ನು ಇಬ್ಬರು ಕೋಲಿನಿಂದ ಕುಟ್ಟಿ ನುಡಿಸುವ ವಾದ್ಯದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಚೆನ್ನಾಗಿದೆ, ಕಾಗುಣಿತದ ತಪ್ಪಿಲ್ಲ, ವಿಷಯವೂ ಹೊಸದು. ಹೊಗಳಿಕೆ ಇಷ್ಟು ಸಾಕು. ಎರಡನೇ ಸಲ ಓದಿದ್ದು ಸಿಟ್ಟಿನಲ್ಲಿ.

ನಿಮ್ಮ ಮೊದಲ ಸಾಲು: 'ಇತಿಹಾಸಕ್ಕೂ ನಿಲುಕದ ಅನಾದಿ ಕಾಲದಿಂದ ಪಿರನೀಸ್ ಗುಹೆಗಳಲ್ಲಿ ಮೊಳಗುತ್ತಿರುವ ನಾದವಿದು.' ಇತಿಹಾಸಕ್ಕೆ ನಿಲುಕದ್ದು ನಿಮಗೆ ಹೇಗೆ ನಿಲುಕಿತು? ಗುಹೆಯಲ್ಲಿ ಕೇಳಿಸಿಕೊಂಡವರು ಯಾರು? ಬಾಸ್ಕ್ ಭಾಷೆ ಬಹಳ ಹಳೆಯದು, ಸುತ್ತಲಿನ ಯಾವ ಭಾಷೆಯ ಜೊತೆಗೂ ಅದಕ್ಕೆ ನೆಂಟಸ್ತನ ಇಲ್ಲ, ನಿಜ. ಹಾಗಂತ ಅಲ್ಲಿನ ಮರದ ಹಲಗೆಗೂ ಅದೇ ವಯಸ್ಸು ಕಟ್ಟಬಹುದೇ? ಈ ವಾದ್ಯದ ಬೇರು ಕಣ್ಣಿಗೆ ಕಾಣುವುದು ಗಿಪುಸ್ಕೋವಾ ಪ್ರಾಂತ್ಯದ ರೈತರ ಮನೆಗಳಲ್ಲಿ. ಎರ್ನಾನಿ, ಅಸ್ತಿಗರಾಗ, ಲಸಾರ್ತೆ, ಆ ಸುತ್ತಮುತ್ತ. ಸೈಡರ್, ಅಂದರೆ ಸೇಬಿನ ಮದ್ಯ, ಮಾಡಲು ಸೇಬು ಜಜ್ಜುವ ಕೆಲಸ ಮುಗಿದ ಮೇಲೆ ಒಂದು ದಪ್ಪ ಹಲಗೆಯನ್ನು ಬುಟ್ಟಿಗಳ ಮೇಲೆ ಇಡುತ್ತಿದ್ದರು. ಕೋಲುಗಳನ್ನು ನೆಟ್ಟಗೆ ಹಿಡಿದು, ಒನಕೆಯ ಹಾಗೆ, ತುದಿಯಿಂದ ಕುಟ್ಟುತ್ತಿದ್ದರು. ಸದ್ದು ಕೇಳಿ ನೆರೆಯವರು ಕುಡಿಯಲು ಬರುತ್ತಿದ್ದರು. ಇದನ್ನು ನೀವು ಮೂರನೇ ಪುಟದಲ್ಲಿ ಅರ್ಧ ಸಾಲಿಗೆ ಮುಗಿಸಿದ್ದೀರಿ!

'ಅನಾದಿ' ಕಂಡರೆ ನನಗೆ ಮೈ ಉರಿಯುವುದಕ್ಕೆ ಕಾರಣ ಇದೆ. ಮೂವತ್ತೈದು ವರ್ಷದ ಹಿಂದೆ ಒಂದು ವಾರಪತ್ರಿಕೆಯಲ್ಲಿ ಪ್ರೂಫ್ ನೋಡುತ್ತಿದ್ದೆ. ಡೊಳ್ಳಿನ ಬಗ್ಗೆ ಲೇಖನ ಬರೆದುಕೊಟ್ಟೆ. 'ಅನಾದಿ ಕಾಲದಿಂದಲೂ' ಅಂತಲೇ ಶುರು. ನಮ್ಮ ಹಿರಿಯ ಸಂಪಾದಕರು ಅದರ ಪಕ್ಕ ಕೆಂಪು ಶಾಯಿಯಲ್ಲಿ ಬರೆದರು: 'ಅನಾದಿ ಯಾವ ಊರು? ಬಸ್ಸು ಎಷ್ಟೊತ್ತಿಗೆ?' ಎರಡು ದಿನ ಅವರ ಮುಖ ನೋಡಲಿಲ್ಲ. ಮೂರನೇ ದಿನ ಸಾಗರದ ಬಸ್ಸು ಹತ್ತಿದೆ. ಅಲ್ಲಿ ಡೊಳ್ಳು ಕಟ್ಟುವವರು ಪುರಾಣ ಹೇಳಲಿಲ್ಲ. ಮಳೆಗಾಲದಲ್ಲಿ ಚರ್ಮ ಸಡಿಲ ಆಗುತ್ತದೆ, ಒಲೆ ಹತ್ತಿರ ಇಡಬೇಕು, ಹಗ್ಗದ ರೇಟು ಜಾಸ್ತಿ ಆಗಿದೆ, ಇದೇ ಮಾತು. ಆಮೇಲೆ ಬರೆದದ್ದು ಅಚ್ಚಾಯಿತು. ಸಂಭಾವನೆ ಬಸ್ ಚಾರ್ಜಿಗೂ ಸಾಲಲಿಲ್ಲ, ಅದು ಬೇರೆ ವಿಷಯ.

ನಿಮ್ಮ ಇನ್ನೊಂದು ಸಾಲು: 'ಪೀಳಿಗೆಯಿಂದ ಪೀಳಿಗೆಗೆ ಅಖಂಡವಾಗಿ ಹರಿದುಬಂದ ಪರಂಪರೆ.' ಎಲ್ಲಿಯ ಅಖಂಡ? 1960ರ ದಶಕದ ಹೊತ್ತಿಗೆ ಇದನ್ನು ಹಳೆಯ ಕ್ರಮದಲ್ಲಿ ನುಡಿಸುವವರು ಎರಡೇ ಜೋಡಿ ಉಳಿದಿದ್ದರು. ಸುವಾಸ್ನಾಬಾರ್ ಅಣ್ಣತಮ್ಮಂದಿರು, ಗೊಯ್ಕೊಎಚೆಯಾ ಅಣ್ಣತಮ್ಮಂದಿರು. ಉಸುರ್ಬಿಲ್‌ನ ಆರ್ತ್ಸೆ ಸೋದರರು, ಬೆಲ್ತ್ರಾನ್ ಸೋದರರು ಕಲಿತುಕೊಂಡಿದ್ದರಿಂದ ವಾದ್ಯ ಉಳಿಯಿತು. ಅದೂ ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋ ಆಳ್ವಿಕೆಯಲ್ಲಿ, ಬಾಸ್ಕ್ ಭಾಷೆಯೇ ತಲೆ ತಗ್ಗಿಸಿ ಬದುಕಬೇಕಿದ್ದಾಗ. ನಾಲ್ಕು ಜನರ ಕೈಗೆ ಬಂದು ನಿಂತಿದ್ದ ವಿದ್ಯೆ ಸ್ವಾಮಿ! 'ಅಖಂಡ' ಅಂದ ತಕ್ಷಣ ಈ ನಾಲ್ವರೂ ನಿಮ್ಮ ಲೇಖನದಿಂದ ಮಾಯ.

ಕೊನೆಗೆ, 'ಇಬ್ಬರೂ ಒಂದೇ ಹೃದಯದಂತೆ ಒಂದೇ ತಾಳಕ್ಕೆ ಬಡಿಯುತ್ತಾರೆ.' ತಪ್ಪು. ಒಬ್ಬರದು 'ಟ್ಯಾಕುನ್', ಹೆಸರೇ ಅದರ ಸದ್ದು. ಜೋಡಿ ಏಟು, ಸಮನಾದ ನಡಿಗೆ. ಇನ್ನೊಬ್ಬರದು 'ಎರ್ರೆನಾ', ಅಂದರೆ ಕುಂಟು. ಟ್ಯಾಕುನ್ ಬಿಟ್ಟ ಜಾಗದಲ್ಲಿ ಇವರು ಎರಡು ಏಟು ಹಾಕಬಹುದು, ಒಂದು ಹಾಕಬಹುದು, ಸುಮ್ನೆ ಇದ್ದುಬಿಡಬಹುದು. ಒಬ್ಬರು ಕಟ್ಟುವುದು, ಒಬ್ಬರು ಕೆಡಿಸುವುದು, ಮತ್ತೆ ಸರಿಹೋಗುವುದು. ಕೇಳುವವರ ಜೀವ ನಿಂತಿರುವುದು ಅಲ್ಲಿ. ನೀವು ಕೇಳಿದ್ದೀರಿ, ಆದರೂ ಬರೆಯುವಾಗ ಕಿವಿ ಮುಚ್ಚಿಕೊಂಡು 'ಹೃದಯ' ಅಂದಿರಿ.

ಉಳಿದ ಪುಟಗಳ ಬಗ್ಗೆ ಹೇಳುವುದಿಲ್ಲ. ನಾಲ್ಕನೇ ಪುಟದ ಕೆಳಗೆ, ಅಸ್ತಿಗರಾಗದ ಸೈಡರ್ ಮನೆಯಲ್ಲಿ ಒಬ್ಬ ಅಜ್ಜ ಹಲಗೆಯ ಮೇಲೆ ಅಂಗೈ ಊರಿ ಸದ್ದು ನಿಲ್ಲಿಸಿದ ಅಂತ ಬರೆದಿದ್ದೀರಲ್ಲ, ಅಲ್ಲಿಂದ ಶುರು ಮಾಡಿ. ಮೊದಲಿನ ಮೂರು ಪುಟ ಕಿತ್ತುಹಾಕಿ. ಇನ್ನೂ ಬಾಸ್ಕ್ ನಾಡಿನ ಬಿಲ್ಬಾವೊ ನಗರದಲ್ಲೇ ಇದ್ದರೆ ಇನ್ನೊಮ್ಮೆ ಆ ಮನೆಗೆ ಹೋಗಿ ಬನ್ನಿ. ಹಿಂದೆಲ್ಲ ಹಲಗೆ ಬಿಗಿಯಾಗಿ ಕೂತರೆ ಸದ್ದು ಸಾಯುತ್ತದೆ ಅಂತ ಅದರ ಅಡಿಗೆ ಮೆಕ್ಕೆಜೋಳದ ಒಣ ಸಿಪ್ಪೆ ಹಾಕುತ್ತಿದ್ದರು. ಆ ಅಜ್ಜ ಈಗ ಏನು ಹಾಕುತ್ತಾನೆ, ಕೇಳಿಕೊಂಡು ಬರೆಯಿರಿ.